ಮೈಯೊಳಗಿನ ಕೀಲೆಣ್ಣೆ

ಎತ್ತಿನ ಗಾಡಿ ದೂರದ ಸಂತೆಗೆ ಹೊರಡುವ ಮುನ್ನ ಅದರ ಅಚ್ಚಿಗೆ ಕೀಲೆಣ್ಣೆ ಹಾಕುವುದು ನಮ್ಮ ನಾಡಿನ ಹಳೆಯ ವಾಡಿಕೆ. ಎಣ್ಣೆ ಆರಿದ ಗಾಡಿ ಕಿರುಗುಟ್ಟುತ್ತದೆ, ಅಚ್ಚು ಬಿಸಿಯೇರುತ್ತದೆ, ಕಬ್ಬಿಣವೂ ಮರವೂ ಸವೆಯುತ್ತವೆ. ಆಗ ಯಾವ ರೈತನೂ ಅಚ್ಚನ್ನು ಬಯ್ಯುವುದಿಲ್ಲ. ಚಕ್ರಕ್ಕೆ ಗಾಡಿಯ ಮೇಲೆ ಪ್ರೀತಿ ಇಲ್ಲವೆಂದು ದೂರುವುದೂ ಇಲ್ಲ. ಎಣ್ಣೆ ಆರಿದೆಯೆಂದು ತಿಳಿದು ಎಣ್ಣೆ ಹಾಕುತ್ತಾನೆ, ಅಷ್ಟೆ.

ಘರ್ಷಣೆಯ ಇದೇ ನಿಯಮಗಳಿಗೆ ನಮ್ಮ ದೇಹವೂ ಅಧೀನವಾಗಿದೆ. ರೆಪ್ಪೆ ಕಣ್ಣಿನ ಮೇಲೆ ಜಾರುವುದು ಕಣ್ಣೀರಿನ ಪೊರೆಯಿಂದ. ತುತ್ತು ಗಂಟಲಿನಲ್ಲಿ ಇಳಿಯುವುದು ಜೊಲ್ಲಿನಿಂದ. ಮೊಣಕಾಲು ಮಡಿಸಿ ಬಿಚ್ಚುವುದು ಕೀಲಿನೊಳಗಿನ ಲೋಳೆದ್ರವದಿಂದ. ಕಣ್ಣು ಒಣಗಿತೆಂದು ವೈದ್ಯರಿಂದ ಹನಿಮದ್ದು ಬರೆಸಿಕೊಳ್ಳಲು ಯಾರಿಗೂ ಸಂಕೋಚವಿಲ್ಲ. ಆದರೆ ಸ್ತ್ರೀದೇಹದಲ್ಲಿ ಯೋನಿಯ ಒಳಪದರ ಒಣಗಿ ನೋವಾದಾಗ ಆ ಮಾತು ಹೊರಗೆ ಬರುವುದೇ ಅಪೂರ್ವ. ತಾಯಿ ಮಗಳಿಗೆ ಹೇಳುವುದಿಲ್ಲ. ಹೆಂಡತಿ ಗಂಡನಿಗೆ ಹೇಳುವುದಿಲ್ಲ. ವೈದ್ಯರು ಕೇಳದಿದ್ದರೆ ರೋಗಿಯೂ ಹೇಳುವುದಿಲ್ಲ. ಸುಲಭವಾದ ಪರಿಹಾರವಿರುವ ನೋವೊಂದು ಹೀಗೆ ಹಣೆಯ ಬರಹವೆನಿಸಿಕೊಂಡು ವರ್ಷಗಟ್ಟಲೆ ಉಳಿದುಬಿಡುತ್ತದೆ.

ಈ ಶುಷ್ಕತೆ ಏಕೆ ಉಂಟಾಗುತ್ತದೆ, ಅದಕ್ಕೆ ಬಳಸುವ ಪದಾರ್ಥಗಳು ಹೇಗೆ ಕೆಲಸ ಮಾಡುತ್ತವೆ, ಅವುಗಳಲ್ಲಿ ಒಳ್ಳೆಯದನ್ನು ಆರಿಸುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡೋಣ. ವಿಷಯ ವೈದ್ಯಶಾಸ್ತ್ರದ್ದಾದರೂ ಅದರ ಬಹುಭಾಗ ಕಾಲೇಜಿನ ಪಠ್ಯದಲ್ಲಿರುವ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರವೇ ಆಗಿದೆ. ಆದಕಾರಣ ವಿದ್ಯಾರ್ಥಿಗಳು ಇದನ್ನು ಸಂಕೋಚವಿಲ್ಲದೆ ಅರಿಯಬಲ್ಲರು.

ಬೆಣೆ ಹೊರಚಿಮ್ಮಿದ ಪ್ರಯೋಗ

ಎರಡು ಮೈಗಳ ನಡುವೆ ನಿಂತು ಘರ್ಷಣೆಯನ್ನು ತಗ್ಗಿಸುವ ಪದಾರ್ಥಕ್ಕೆ ಸ್ನೇಹಕವೆಂದು ಹೆಸರು. ಇಂಗ್ಲಿಷಿನಿಂದ ಬಂದ ಲೂಬ್ರಿಕೆಂಟ್ ಎಂಬ ಮಾತೂ ಈಗ ಬಳಕೆಯಲ್ಲಿದೆ. ಸಂಸ್ಕೃತದಲ್ಲಿ ಸ್ನೇಹವೆಂದರೆ ಜಿಡ್ಡು, ಎಣ್ಣೆ, ಒಲವೂ ಹೌದು. ಎರಡರ ಮಧ್ಯೆ ನಿಂತು ತಿಕ್ಕಾಟವನ್ನು ಕಡಮೆ ಮಾಡುವುದಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕುವುದು ಕಷ್ಟ.

ಸ್ನೇಹಕ ಹೇಗೆ ಕೆಲಸ ಮಾಡುತ್ತದೆಂಬುದು ಸ್ಪಷ್ಟವಾದುದು 19ನೆಯ ಶತಮಾನದ ಕೊನೆಯಲ್ಲಿ. 1883ರಲ್ಲಿ ಇಂಗ್ಲೆಂಡಿನ ಬೀಚಂ ಟವರ್ ಎಂಬ ಇಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದರು. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರ ಕೊರೆಸಿದಾಗ, ಅಚ್ಚು ತಿರುಗುತ್ತಿದ್ದಂತೆ ಎಣ್ಣೆ ಒಳಗಿಳಿಯುವ ಬದಲು ಮೇಲಕ್ಕೇ ಉಕ್ಕಿತು. ರಂಧ್ರಕ್ಕೆ ಮರದ ಬೆಣೆ ಬಡಿದರೆ ಬೆಣೆಯೇ ಹೊರಬಂದಿತು. ಅಲ್ಲಿಗೆ ಮಾಪಕವನ್ನು ಜೋಡಿಸಿ ನೋಡಲಾಗಿ, ಎಣ್ಣೆಯ ತೆಳುಪದರದಲ್ಲಿ ಚದರ ಅಂಗುಲಕ್ಕೆ 200 ಪೌಂಡಿಗೂ ಮಿಗಿಲಾದ ಒತ್ತಡವಿದ್ದಿತು. ಅಂದರೆ ಅಚ್ಚು ಲೋಹವನ್ನು ಮುಟ್ಟದೆ ಎಣ್ಣೆಯ ಮೇಲೆ ತೇಲುತ್ತಿದ್ದಿತು! 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ಬಿಡಿಸಿ ತೋರಿಸಿದರು. ಚಲನೆಯೇ ದ್ರವವನ್ನು ಬೆಣೆಯಾಕಾರದ ಸಂದಿಗೆ ಎಳೆದು ಒತ್ತಡವನ್ನು ಹುಟ್ಟಿಸುತ್ತದೆ. ಆ ದ್ರವದ ಸ್ನಿಗ್ಧತೆ ಸಾಕಷ್ಟಿದ್ದರೆ ಪದರ ನಿಲ್ಲುತ್ತದೆ, ಇಲ್ಲದಿದ್ದರೆ ಹಿಂಡಿಹೋಗುತ್ತದೆ.

ಚಲನೆ ನಿಧಾನವಾಗಿರುವಲ್ಲಿ ಇಂಥ ದಪ್ಪ ಪದರ ನಿಲ್ಲದು. ಅಲ್ಲಿ ಮೈಗಂಟಿಕೊಂಡ ಅಣುಗಳ ತೆಳ್ಳನೆಯ ಹೊದಿಕೆಯೇ ಕಾಪಾಡಬೇಕು. ಈ ಎರಡನೆಯ ಬಗೆಗೆ ವಿಲಿಯಂ ಹಾರ್ಡಿ ಮತ್ತು ಐಡಾ ಡಬಲ್‌ಡೇ ಅವರು 1922ರಲ್ಲಿ ಗಡಿಸ್ನೇಹನವೆಂಬ ಅರ್ಥದ ಹೆಸರನ್ನಿತ್ತರು. ದೇಹ ಈ ಎರಡು ಉಪಾಯಗಳನ್ನೂ ಬಳಸಿಕೊಳ್ಳುತ್ತದೆ. ಒಳಪೊರೆಗಳ ಮೇಲೆ ಮ್ಯೂಸಿನ್ ಎಂಬ ಸಕ್ಕರೆ-ಪ್ರೋಟೀನುಗಳ ಉದ್ದ ಅಣುಗಳು ಅಂಟಿಕೊಂಡು ನೀರನ್ನು ಹಿಡಿದಿಡುತ್ತವೆ. ಅವುಗಳ ಮೇಲೆ ತೆಳುದ್ರವ ಹರಡಿರುತ್ತದೆ.

ದೇಹವೇ ತಯಾರಿಸುವ ಸ್ನೇಹಕ

ಯೋನಿಯ ಗೋಡೆಯಲ್ಲಿ ಬೆವರಿನ ಗ್ರಂಥಿಯಾಗಲಿ ಲೋಳೆಯ ಗ್ರಂಥಿಯಾಗಲಿ ಇಲ್ಲ. ಹಾಗಾದರೆ ತೇವ ಎಲ್ಲಿಂದ ಬರುತ್ತದೆ? ಸ್ವಲ್ಪ ಭಾಗ ಗರ್ಭಕಂಠದ ಲೋಳೆ. ಅತ್ಯಲ್ಪ ಭಾಗ ಯೋನಿದ್ವಾರದ ಬಳಿಯಿರುವ ಬಾರ್ಥೊಲಿನ್ ಗ್ರಂಥಿಗಳದು. ಉಳಿದುದು ರಕ್ತದಿಂದಲೇ ಬರುತ್ತದೆ. ಗೋಡೆಯ ಹಿಂದಿರುವ ಸಣ್ಣ ರಕ್ತನಾಳಗಳಿಂದ ರಕ್ತರಸದ ನೀರಿನಂಶವು ಜೀವಕೋಶಗಳ ಸಂದಿಯಲ್ಲಿ ಜಿನುಗಿ, ಹೊಸ ಮಡಕೆಯ ಹೊರಮೈ ತೇವವಾಗುವಂತೆ, ಒಳಮೈಯನ್ನು ತೋಯಿಸುತ್ತದೆ. ಮನಸ್ಸು ಒಲಿದಾಗ ಆ ಭಾಗಕ್ಕೆ ರಕ್ತಸಂಚಾರ ಹೆಚ್ಚಿ ಜಿನುಗುವಿಕೆಯೂ ಹೆಚ್ಚುತ್ತದೆ. ಅಮೆರಿಕದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ ಅವರು 1966ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕ್ರಿಯೆಯನ್ನು ವಿವರಿಸಿದರು.

ಈ ದ್ರವ ಆಮ್ಲೀಯವಾದುದು. 1892ರಲ್ಲಿ ಜರ್ಮನಿಯ ವೈದ್ಯ ಆಲ್ಬರ್ಟ್ ಡೊಡರ್‌ಲೈನ್ ಇಲ್ಲಿ ವಾಸಿಸುವ ಕಡ್ಡಿಯಾಕಾರದ ಬ್ಯಾಕ್ಟೀರಿಯಗಳನ್ನು ವರ್ಣಿಸಿದರು. ಅವು ಲ್ಯಾಕ್ಟೊಬ್ಯಾಸಿಲಸ್ ಎಂಬ ಕುಲದವು, ಹಾಲನ್ನು ಮೊಸರಾಗಿಸುವ ಜೀವಿಗಳ ಹತ್ತಿರದ ಬಂಧುಗಳು. ಗೋಡೆಯ ಜೀವಕೋಶಗಳಲ್ಲಿ ಶೇಖರವಾಗಿರುವ ಗ್ಲೈಕೋಜನ್ ಒಡೆದು ಬರುವ ಸಕ್ಕರೆಯನ್ನು ಇವು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಪ್ರಾಯದ ಸ್ತ್ರೀಯರಲ್ಲಿ ಈ ದ್ರವದ ಪಿಎಚ್ ಸಾಮಾನ್ಯವಾಗಿ 3.8ರಿಂದ 4.5ರವರೆಗೆ ಇರುತ್ತದೆ. ಪಿಎಚ್ ಲಾಗರಿದಮ್ ಮಾನವಾದ್ದರಿಂದ, 4.5 ಎಂದರೆ ಶುದ್ಧ ನೀರಿನಲ್ಲಿರುವುದಕ್ಕಿಂತ ಸುಮಾರು 300 ಪಟ್ಟು ಹೈಡ್ರೋಜನ್ ಅಯಾನುಗಳು ಇವೆಯೆಂದರ್ಥ. ಹಲವು ರೋಗಾಣುಗಳು ಈ ಹುಳಿಯಲ್ಲಿ ಬೆಳೆಯಲಾರವು.

ಈ ವ್ಯವಸ್ಥೆಯೆಲ್ಲ ಅಂಡಾಶಯಗಳು ಸ್ರವಿಸುವ ಈಸ್ಟ್ರೋಜನ್ ಎಂಬ ಹಾರ್ಮೋನಿನ ಆಶ್ರಯದಲ್ಲಿದೆ. ಒಳಪದರವನ್ನು ದಪ್ಪವಾಗಿಯೂ ಮೃದುವಾಗಿಯೂ ಇಡುವುದು, ಅದರಲ್ಲಿ ಗ್ಲೈಕೋಜನನ್ನು ತುಂಬುವುದು, ರಕ್ತಸಂಚಾರವನ್ನು ಕಾಯುವುದು ಎಲ್ಲವೂ ಅದರ ಕೆಲಸ. ಈಸ್ಟ್ರೋಜನ್ ಇಳಿದರೆ ಪದರ ತೆಳುವಾಗುತ್ತದೆ, ಜಿನುಗು ಕಡಮೆಯಾಗುತ್ತದೆ, ಪಿಎಚ್ 5ನ್ನು ಮೀರುತ್ತದೆ. ಉರಿ, ತುರಿಕೆ, ಸಮಾಗಮದಲ್ಲಿ ನೋವು, ಮೂತ್ರದಲ್ಲಿ ಪದೇ ಪದೇ ಸೋಂಕು ಇವು ಅದರ ಫಲಗಳು. 2014ರಲ್ಲಿ ವೈದ್ಯಸಂಸ್ಥೆಗಳು ಈ ಲಕ್ಷಣಸಮೂಹಕ್ಕೆ ಒಂದು ಹೊಸ ಹೆಸರನ್ನು ಒಪ್ಪಿಕೊಂಡವು. ಋತುಬಂಧದಲ್ಲಿ ಜನನಾಂಗಕ್ಕೂ ಮೂತ್ರಾಂಗಕ್ಕೂ ಒಟ್ಟಿಗೆ ಆಗುವ ಲಕ್ಷಣಗಳೆಂದು ಅದರ ತಾತ್ಪರ್ಯ.

ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47ರ ಸುಮಾರು. ಆದುದರಿಂದ ಮುಂದೆ ಎರಡು ಮೂರು ದಶಕಗಳ ಬಾಳು ಈ ಸ್ಥಿತಿಯಲ್ಲೇ ಸಾಗಬೇಕಾಗುತ್ತದೆ. ಆದರೆ ಶುಷ್ಕತೆ ವಯಸ್ಸಾದವರಿಗೆ ಮಾತ್ರ ಮೀಸಲಲ್ಲ. ಮಗುವಿಗೆ ಹಾಲೂಡಿಸುವ ತಿಂಗಳುಗಳಲ್ಲಿ ಈಸ್ಟ್ರೋಜನ್ ತಗ್ಗಿರುತ್ತದೆ. ಇಪ್ಪತ್ತೈದರ ಬಾಣಂತಿಗೂ ಈ ತೊಂದರೆ ಬರಬಹುದು. ಅಂಡಾಶಯಗಳನ್ನು ತೆಗೆಸಿಕೊಂಡವರಿಗೂ, ಸ್ತನದ ಕ್ಯಾನ್ಸರಿಗೆ ಈಸ್ಟ್ರೋಜನನ್ನು ತಡೆಯುವ ಕೆಲವು ಔಷಧಿಗಳನ್ನು ತೆಗೆದುಕೊಳ್ಳುವವರಿಗೂ ಬರುತ್ತದೆ. ನೆಗಡಿ, ಅಲರ್ಜಿಗಳಿಗೆ ಕೊಡುವ ಕೆಲವು ಮಾತ್ರೆಗಳು ಮೂಗನ್ನು ಒಣಗಿಸುವಂತೆ ಇತರ ಒಳಪೊರೆಗಳನ್ನೂ ಒಣಗಿಸಬಲ್ಲವು. ಸ್ವೀಡನಿನ ಹೆನ್ರಿಕ್ ಶೇಗ್ರೆನ್ 1933ರಲ್ಲಿ ವಿವರಿಸಿದ ರೋಗದಲ್ಲಿ ಕಣ್ಣು, ಬಾಯಿಗಳೊಂದಿಗೆ ಯೋನಿಯೂ ಒಣಗುತ್ತದೆ. ಕೊನೆಯದಾಗಿ ಭಯ, ಅವಸರ, ಮನಸ್ಸಿನ ಕಳವಳ. ಇವುಗಳಿಂದ ರಕ್ತಸಂಚಾರ ಹೆಚ್ಚದೆ ತೇವ ಬಾರದಿರುವುದುಂಟು. ಇಷ್ಟೊಂದು ಕಾರಣಗಳಿರುವಾಗ, ತೇವವಿಲ್ಲದಿರುವುದನ್ನು ಒಲವಿಲ್ಲದಿರುವುದರ ಗುರುತೆಂದು ತೀರ್ಮಾನಿಸುವುದು ಅನ್ಯಾಯ.

ಹೊರಗಿನ ಸ್ನೇಹಕಗಳು ಮೂರು ಬಗೆ

ವೈದ್ಯರು ಪರೀಕ್ಷೆಯ ಉಪಕರಣಗಳಿಗೆ ಹಚ್ಚಲು ನೀರಿನಲ್ಲಿ ಕರಗುವ ಜೆಲ್ಲಿಗಳನ್ನು ನೂರು ವರ್ಷಗಳಿಗೂ ಹಿಂದಿನಿಂದ ಬಳಸುತ್ತಿದ್ದಾರೆ. ಪ್ರಸಿದ್ಧವಾದ ಕೆ-ವೈ ಜೆಲ್ಲಿ 1904ರಲ್ಲಿ ಅಮೆರಿಕದಲ್ಲಿ ಬಂದಾಗ ಶಸ್ತ್ರವೈದ್ಯರ ಸಾಮಗ್ರಿಯಾಗಿಯೇ ಬಂದಿತು. ಈಗ ಔಷಧಿ ಅಂಗಡಿಗಳಲ್ಲಿ ದೊರೆಯುವ ಸ್ನೇಹಕಗಳನ್ನು ಅವುಗಳ ಮೂಲದ್ರವಕ್ಕೆ ಅನುಸಾರವಾಗಿ ನೀರಿನವು, ಸಿಲಿಕೋನಿನವು, ಎಣ್ಣೆಯವು ಎಂದು ಮೂರಾಗಿ ವಿಂಗಡಿಸಬಹುದು.

ಬರಿಯ ನೀರು ಏಕೆ ಸಾಲದು? ಅದರ ಸ್ನಿಗ್ಧತೆ ತೀರ ಕಡಮೆ. ಪದರ ಕೂಡಲೆ ಹಿಂಡಿಹೋಗುತ್ತದೆ. ಗ್ಲಿಸರಿನ್ನಿನ ಸ್ನಿಗ್ಧತೆ 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನೀರಿಗಿಂತ ಸುಮಾರು 1400 ಪಟ್ಟು. ನೀರನ್ನು ದಪ್ಪಗೊಳಿಸಲು ಇನ್ನೊಂದು ಉಪಾಯವೂ ಉಂಟು. ಬೆಂಡೆಕಾಯಿಯನ್ನು ಕೊಯ್ದಾಗ, ಕಾಮಕಸ್ತೂರಿ ಬೀಜವನ್ನು ನೆನೆಹಾಕಿದಾಗ, ದಾಸವಾಳದ ಎಲೆಯನ್ನು ಕಿವುಚಿದಾಗ ಬರುವ ಲೋಳೆಯನ್ನು ನೆನೆಯಿರಿ. ಸಕ್ಕರೆಯ ಘಟಕಗಳು ಸರಪಣಿಯಂತೆ ಸೇರಿದ ಉದ್ದ ಅಣುಗಳು ನೀರನ್ನು ಹಿಡಿದಿಟ್ಟುಕೊಂಡಿರುವುದೇ ಅದರ ರಹಸ್ಯ. ನೀರಿನ ಸ್ನೇಹಕಗಳಲ್ಲಿ ಸೆಲ್ಯುಲೋಸಿನಿಂದ ತಯಾರಾದ ಇಂಥದೇ ಅಣುಗಳನ್ನೋ ಸಸ್ಯದ ಗೋಂದುಗಳನ್ನೋ ಬೆರೆಸಿರುತ್ತಾರೆ. ಇವು ಜಾರುತ್ತವೆ, ಬಟ್ಟೆಯಲ್ಲಿ ಕಲೆ ನಿಲ್ಲದೆ ತೊಳೆದುಹೋಗುತ್ತವೆ, ಕಾಂಡೋಮಿಗೆ ಕೇಡುಮಾಡುವುದಿಲ್ಲ. ನೀರು ಆವಿಯಾದಂತೆ ಅಂಟಾಗುವುದು ಇವುಗಳ ಕೊರತೆ. ಆಗ ಕೆಲವು ಹನಿ ನೀರು ಹಾಕಿದರೆ ಅಥವಾ ಮತ್ತಷ್ಟು ಹಚ್ಚಿದರೆ ಸರಿಹೋಗುತ್ತದೆ.

ಸಿಲಿಕೋನ್ ಸ್ನೇಹಕಗಳು ಆವಿಯಾಗವು, ನೀರಿನಲ್ಲಿ ಕರಗವು, ಒಳಪದರದೊಳಕ್ಕೆ ಇಳಿಯವು. ಆದಕಾರಣ ಬಹಳ ಹೊತ್ತು ನಿಲ್ಲುತ್ತವೆ. ಹೆಚ್ಚು ಶುಷ್ಕತೆಯುಳ್ಳವರಿಗೆ ಇವು ಹಿತ. ಲ್ಯಾಟೆಕ್ಸ್ ಕಾಂಡೋಮಿಗೂ ಇವುಗಳಿಂದ ಅಪಾಯವಿಲ್ಲ. ಆದರೆ ಸಿಲಿಕೋನಿನಿಂದಲೇ ಮಾಡಿದ ವಸ್ತುಗಳನ್ನು ಇವು ಕೆಡಿಸಬಹುದು. 2023ರಲ್ಲಿ ಕರ್ನಾಟಕ ಸರ್ಕಾರವು ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ವಿದ್ಯಾರ್ಥಿನಿಯರಿಗೆ ಮುಟ್ಟಿನ ಕಪ್ಪುಗಳನ್ನು ಹಂಚುವ ಯೋಜನೆಯನ್ನು ಆರಂಭಿಸಿತಷ್ಟೆ. ಇಂಥ ಕಪ್ಪುಗಳು ಸಾಮಾನ್ಯವಾಗಿ ಸಿಲಿಕೋನಿನವು. ಹೊಸದಾಗಿ ಬಳಸುವಾಗ ಒಣಮೈಯಿಂದ ತೊಂದರೆಯಾದರೆ ಶುದ್ಧವಾದ ನೀರು ಅಥವಾ ನೀರಿನ ಸ್ನೇಹಕ ಸಾಕು, ಸಿಲಿಕೋನಿನದು ಬೇಡ.

ಎಣ್ಣೆಗಳು ಮೂರನೆಯವು. ಕೊಬ್ಬರಿ ಎಣ್ಣೆ ನಮ್ಮ ಮನೆಗಳಲ್ಲಿ ಸದಾ ಕೈಗೆಟಕುವ ವಸ್ತು. ಜಾರುವ ಗುಣದಲ್ಲಿ ಅದಕ್ಕೆ ಕೊರತೆಯಿಲ್ಲ. ಆದರೆ ಲ್ಯಾಟೆಕ್ಸ್ ಎಂಬುದು ರಬ್ಬರ್ ಮರದ ಹಾಲು. ಅದರ ಅಣುಸರಪಣಿಗಳು ನೀರನ್ನು ಒಲ್ಲವು, ಎಣ್ಣೆಯನ್ನು ಒಳಸೇರಿಸಿಕೊಂಡು ಉಬ್ಬಿ ಸಡಿಲವಾಗುತ್ತವೆ. 1989ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಲ್ಯಾಟೆಕ್ಸ್ ಕಾಂಡೋಮುಗಳನ್ನು ಖನಿಜ ತೈಲಕ್ಕೆ 60 ಸೆಕೆಂಡು ಒಡ್ಡಿದರೆ, ಗಾಳಿ ತುಂಬಿ ಒಡೆಯುವ ಪರೀಕ್ಷೆಯಲ್ಲಿ ಅವುಗಳ ಬಲ ಸುಮಾರು ಶೇಕಡ 90ರಷ್ಟು ಕುಗ್ಗಿದುದು ಕಂಡುಬಂದಿತು. ನಮ್ಮ ದೇಶದಲ್ಲಿ 1968ರಲ್ಲಿ ನಿರೋಧ್ ಹೆಸರಿನಿಂದ ಪ್ರಚಾರಕ್ಕೆ ಬಂದ ಕಾಂಡೋಮೂ ಲ್ಯಾಟೆಕ್ಸಿನದೇ. ಕಣ್ಣಿಗೆ ಯಾವ ಬದಲಾವಣೆಯೂ ಕಾಣದಿರುವಾಗಲೇ ಅದು ಬಲಗುಂದಿರುತ್ತದೆ. ಆದಕಾರಣ ಕಾಂಡೋಮನ್ನು ನಂಬಿದವರು ಕೊಬ್ಬರಿ ಎಣ್ಣೆ, ತುಪ್ಪ, ವ್ಯಾಸಲೀನ್, ಮುಖಕ್ಕೆ ಹಚ್ಚುವ ಕ್ರೀಮು, ಇವುಗಳಲ್ಲಿ ಯಾವುದನ್ನೂ ಅದರೊಡನೆ ಬಳಸಕೂಡದು.

ಉಪ್ಪಿನಕಾಯಿಯ ಪಾಠ

ಸ್ನೇಹಕ ಜಾರಿದರೆ ಸಾಕೇ? ಇಲ್ಲಿ ಒಂದು ಸೂಕ್ಷ್ಮವುಂಟು. ಉಪ್ಪಿನಕಾಯಿ ಹಾಕುವವರು ಮಾವಿನ ಹೋಳಿಗೆ ಉಪ್ಪು ಬೆರೆಸಿ ಇಟ್ಟರೆ ಮರುದಿನ ಜಾಡಿಯಲ್ಲಿ ನೀರು ನಿಂತಿರುತ್ತದೆ, ಹೋಳು ಸುಕ್ಕುಗಟ್ಟಿರುತ್ತದೆ. ಹೊರಗಿನ ದ್ರಾವಣ ಸಾಂದ್ರವಾದುದರಿಂದ ನೀರು ಕೋಶಗಳೊಳಗಿಂದ ಹೊರಕ್ಕೆ ಬಂದಿತು. ಇದೇ ಅಭಿಸರಣೆ. ತೀರ ಸಾಂದ್ರವಾದ ಸ್ನೇಹಕವನ್ನು ಒಳಪದರಕ್ಕೆ ಹಚ್ಚಿದರೆ ಅಲ್ಲಿಯ ಜೀವಕೋಶಗಳಿಗೂ ಹೀಗೆಯೇ ಆಗುತ್ತದೆ. ಒಣಗಿದ ಮೈಯನ್ನು ತೋಯಿಸಲೆಂದು ಹಚ್ಚಿದುದು ಅದರ ನೀರನ್ನೇ ಹೀರುತ್ತದೆ. ಉರಿ ಹುಟ್ಟುತ್ತದೆ, ಪದರದ ಕೋಶಗಳಿಗೆ ಹಾನಿಯಾಗಬಹುದು.

ಈ ಸಾಂದ್ರತೆಯನ್ನು ಒಂದು ಕಿಲೋಗ್ರಾಂ ನೀರಿಗೆ ಇಷ್ಟು ಮಿಲಿಆಸ್ಮೋಲ್ ಎಂದು ಎಣಿಸುತ್ತಾರೆ. ನಮ್ಮ ರಕ್ತರಸದ್ದು ಸುಮಾರು 290. ವಿದ್ಯಾರ್ಥಿಗಳು ಲೆಕ್ಕಮಾಡಿ ನೋಡಬಹುದು. ಗ್ಲಿಸರಿನ್ನಿನ ಅಣುಭಾರ 92. ಒಂದು ಕಿಲೋಗ್ರಾಂ ನೀರಿಗೆ 92 ಗ್ರಾಂ ಬೆರೆಸಿದರೆ 1000 ಮಿಲಿಆಸ್ಮೋಲ್ ಆಗುತ್ತದೆ. 27 ಗ್ರಾಂ ಬೆರೆಸಿದರೆ ಹೆಚ್ಚುಕಡಮೆ ರಕ್ತರಸದಷ್ಟು. 276 ಗ್ರಾಂ ಬೆರೆಸಿದರೆ 3000, ಅಂದರೆ ರಕ್ತರಸದ ಹತ್ತು ಪಟ್ಟು. ಗ್ಲಿಸರಿನ್ ಇಲ್ಲವೆ ಪ್ರೊಪಿಲೀನ್ ಗ್ಲೈಕಾಲ್ ಧಾರಾಳವಾಗಿ ಬೆರೆತ ಸ್ನೇಹಕಗಳು ಸುಲಭವಾಗಿ ಈ ಮಟ್ಟ ಮುಟ್ಟುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೊರಡಿಸಿದ ಸಲಹಾಪತ್ರದಲ್ಲಿ ಈ ಸಾಂದ್ರತೆ 380ನ್ನು ಮೀರದಿದ್ದರೆ ಉತ್ತಮ, ಸದ್ಯಕ್ಕೆ 1200ನ್ನಂತೂ ಮೀರಬಾರದು ಎಂದು ಹೇಳಿತು. ಸೆಲ್ಯುಲೋಸಿನ ಉದ್ದ ಅಣುಗಳ ಹಿರಿಮೆ ಇಲ್ಲಿದೆ. ಅಭಿಸರಣೆಗೆ ಮುಖ್ಯವಾದುದು ಕಣಗಳ ತೂಕವಲ್ಲ, ಸಂಖ್ಯೆ. ಸಾವಿರಾರು ಘಟಕಗಳು ಕೂಡಿ ಒಂದೇ ಅಣುವಾದಾಗ ಕಣಗಳ ಸಂಖ್ಯೆ ಅತ್ಯಲ್ಪ, ದಪ್ಪ ಮಾತ್ರ ಬೇಕಾದಷ್ಟು.

ಎರಡನೆಯ ಪರೀಕ್ಷೆ ಆಮ್ಲತೆಯದು. ಯೋನಿಗೆ ಬಳಸುವ ಸ್ನೇಹಕದ ಪಿಎಚ್ 4.5ರ ಸಮೀಪವಿರುವುದು ಮೇಲು. ಮೂರನೆಯದು ಬೇಡದ ಬೆರಕೆಗಳದು. ಕ್ಲೋರ್‌ಹೆಕ್ಸಿಡಿನ್‌ನಂಥ ಜೀವಾಣುನಾಶಕವು ಉಪಕಾರಿಗಳಾದ ಲ್ಯಾಕ್ಟೊಬ್ಯಾಸಿಲಸ್‌ಗಳನ್ನೂ ಕೊಲ್ಲುತ್ತದೆಂದು ಪ್ರಯೋಗಶಾಲೆಯ ಪರೀಕ್ಷೆಗಳು ತೋರಿಸಿವೆ. ಸುಗಂಧ, ರುಚಿ, ಬೆಚ್ಚನೆಯ ಅನುಭವ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದರಲ್ಲಿ ಕೆರಳಿಸುವ ಪದಾರ್ಥವೂ ಇರಬಹುದೆಂದು ತಿಳಿಯಬೇಕು. ವೀರ್ಯಾಣುಗಳನ್ನು ಕೊಲ್ಲಲೆಂದು ನಾನಾಕ್ಸಿನಾಲ್-9 ಬೆರೆಸಿದ ಜೆಲ್ಲನ್ನು ಪದೇ ಪದೇ ಬಳಸಿದ ಸ್ತ್ರೀಯರಲ್ಲಿ ಎಚ್‌ಐವಿ ಸೋಂಕು ತಗ್ಗುವ ಬದಲು ಹೆಚ್ಚಿದುದು 2002ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು. ಕೆರಳಿದ ಪದರವೇ ರೋಗಾಣುವಿಗೆ ಬಾಗಿಲಾಯಿತು.

ಬಳಕೆಯ ಕ್ರಮ

ಹೊಸ ಸ್ನೇಹಕವನ್ನು ಮೊದಲು ಮುಂಗೈಯ ಒಳಮೈಗೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡುವುದು ಜಾಣತನ. ತುರಿಕೆ, ಕೆಂಪು ಕಾಣದಿದ್ದರೆ ಬಳಸಬಹುದು. ಅಲ್ಪವಾಗಿ ಆರಂಭಿಸಿ ಬೇಕಾದಷ್ಟು ಹೆಚ್ಚಿಸಿಕೊಳ್ಳಬೇಕು. ಒಣಗಿ ಎಳೆಯುವಂತಾದರೆ ಸಹಿಸುತ್ತ ಮುಂದುವರಿಯದೆ ಮತ್ತೆ ಹಚ್ಚಬೇಕು. ಕೈ ಶುಚಿಯಾಗಿರಬೇಕು, ಡಬ್ಬಿಯ ಮೇಲಿನ ಅವಧಿ ಮುಗಿದಿರಬಾರದು. ಜೊಲ್ಲು ಬೇಗ ಆರುತ್ತದೆ, ಬಾಯಿಯ ರೋಗಾಣುಗಳನ್ನೂ ಒಯ್ಯುತ್ತದೆ, ಅದು ಬದಲಿಯಾಗದು. ಸಾಬೂನಿನಿಂದ ಒಳಗನ್ನು ತೊಳೆಯುವ ಅಭ್ಯಾಸ ಹಾನಿಕರ. ಸಾಬೂನು ಕ್ಷಾರ, ಅದು ಸಹಜವಾದ ಹುಳಿಯನ್ನೂ ಜಿಡ್ಡನ್ನೂ ಒಟ್ಟಿಗೆ ಕಳೆಯುತ್ತದೆ.

ಸ್ನೇಹಕದಿಂದ ಆಗದ ಕೆಲಸಗಳೂ ಉಂಟು. ಅದು ಗರ್ಭವನ್ನು ತಡೆಯದು, ರೋಗವನ್ನೂ ತಡೆಯದು. ಮಗುವನ್ನು ಬಯಸುವ ದಂಪತಿಗಳಿಗೆ ಒಂದು ಎಚ್ಚರಿಕೆ: ಹಲವು ಸ್ನೇಹಕಗಳು ವೀರ್ಯಾಣುಗಳ ಚಲನೆಯನ್ನು ಕುಗ್ಗಿಸುವುದು ಪರೀಕ್ಷೆಗಳಲ್ಲಿ ಕಂಡಿದೆ, ಅವರು ವೈದ್ಯರನ್ನು ಕೇಳಿ ಆರಿಸಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಮ್ಮತಿಯಿಲ್ಲದ ಕಡೆ ಸಮ್ಮತಿಯ ಸ್ಥಾನವನ್ನು ಯಾವ ಸ್ನೇಹಕವೂ ತುಂಬಲಾರದು. ನೋವು ದೇಹದ ಮಾತು. ಆ ಮಾತಿಗೆ ಕಿವಿಗೊಟ್ಟು ನಿಲ್ಲಿಸುವುದು ಮೊದಲ ಕರ್ತವ್ಯ.

ದಿನವಿಡೀ ಉರಿ, ತುರಿಕೆಗಳಿರುವವರಿಗೆ ಆ ಹೊತ್ತಿನ ಸ್ನೇಹಕ ಸಾಲದು. ಗೋಡೆಗೆ ಅಂಟಿಕೊಂಡು ಎರಡು ಮೂರು ದಿನ ನೀರನ್ನು ಹಿಡಿದಿಡುವ ಆರ್ದ್ರಕಗಳು ಬೇರೆಯಾಗಿಯೇ ದೊರೆಯುತ್ತವೆ. ಅದರಿಂದಲೂ ಗುಣವಾಗದಿದ್ದರೆ ವೈದ್ಯರು ಅಲ್ಪಪ್ರಮಾಣದ ಈಸ್ಟ್ರೋಜನ್ ಕ್ರೀಮನ್ನು ಬರೆದುಕೊಡಬಹುದು. ಸ್ತನದ ಕ್ಯಾನ್ಸರ್ ಆದವರು ಇದನ್ನು ತಮ್ಮ ಕ್ಯಾನ್ಸರ್ ವೈದ್ಯರ ಒಪ್ಪಿಗೆಯಿಲ್ಲದೆ ಬಳಸಬಾರದು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ರಕ್ತ ಕಾಣಿಸಿದರೆ, ಸಮಾಗಮದ ಅನಂತರ ಮತ್ತೆ ಮತ್ತೆ ರಕ್ತಸ್ರಾವವಾದರೆ, ದುರ್ಗಂಧದ ಸ್ರಾವವಿದ್ದರೆ, ಅದನ್ನು ಶುಷ್ಕತೆಯೆಂದು ಮನೆಯಲ್ಲೇ ನಿರ್ಣಯಿಸಿ ಕುಳಿತುಕೊಳ್ಳಕೂಡದು. ಗರ್ಭಕಂಠದ ಅಥವಾ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯೂ ಅದೇ ಆಗಿರಬಹುದು. ಬೇಗ ಕಂಡುಹಿಡಿದರೆ ಗುಣಪಡಿಸುವ ಅವಕಾಶ ಹೆಚ್ಚು. ಸಂಕೋಚ ಪ್ರಾಣಕ್ಕೇ ಎರವಾಗುವುದು ಇಂಥ ಕಡೆ.

ಈ ಲೇಖನದ ಬಹುಮಂದಿ ವಾಚಕರಿಗೆ ಇದರ ಅಗತ್ಯ ಇಂದು ಇರಲಾರದು. ಆದರೆ ಅವರ ಮನೆಯಲ್ಲಿ ಐವತ್ತು ದಾಟಿದ ತಾಯಿಯಿರಬಹುದು, ಬಾಣಂತಿಯಾದ ಅಕ್ಕನಿರಬಹುದು, ಚಿಕಿತ್ಸೆ ಪಡೆಯುತ್ತಿರುವ ಚಿಕ್ಕಮ್ಮನಿರಬಹುದು. ವಿದ್ಯಾರ್ಥಿನಿಯರು ಅವರಿಗೆ ಈ ವಿಷಯವನ್ನು ಎರಡು ಮಾತಿನಲ್ಲಿ ತಿಳಿಸಿ, ಸ್ತ್ರೀರೋಗತಜ್ಞರ ಬಳಿಗೆ ಜೊತೆಯಲ್ಲಿ ಹೋಗಬಲ್ಲರು. ವಿದ್ಯಾರ್ಥಿಗಳು ನಾಳೆ ಗೃಹಸ್ಥರಾದಾಗ, ತೇವವಿಲ್ಲದಿರುವುದು ತಪ್ಪಲ್ಲವೆಂದು ನೆನೆದು, ಹೆಂಡತಿ ಬಾಯಿಬಿಟ್ಟು ಹೇಳುವ ಮುನ್ನವೇ ಕೇಳಬಲ್ಲರು. ಘರ್ಷಣೆಯ ಅಧ್ಯಾಯವನ್ನು ಪರೀಕ್ಷೆಗೆಂದು ಓದಿದವರೆಲ್ಲರಿಗೂ ಇಷ್ಟನ್ನು ಮಾಡುವಷ್ಟು ವಿದ್ಯೆ ಈಗಾಗಲೇ ಇದೆ.